ಟವೆಲ್ ಕೆಳಗಿನ ಮಾತು

ಸಾಂಗಲಿಯ ಅರಿಶಿಣ ಪೇಟೆಯಲ್ಲಿ ಧರಣೇಂದ್ರನ ಬಗ್ಗೆ ಒಂದು ಮಾತಿತ್ತು: ಬಾಯಿ ತೆರೆದರೆ ಜಗಳ, ಕೈ ಹಿಡಿದರೆ ಸೌದಾ. ಎರಡೂ ಸುಳ್ಳಲ್ಲ.

ಆ ಕಾಲಕ್ಕೆ ಪೇಟೆಯಲ್ಲಿ ಅರಿಶಿಣದ ದರವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವನೂ ರೈತರ ಮಾಲು ಮಾರಿಸಿಕೊಡುವ ಅಡತಿಯವನೂ ಎದುರುಬದುರು ನಿಂತು ಕೈ ಹಿಡಿಯಬೇಕು, ಮೇಲೆ ಒಂದು ಟವೆಲ್ ಹೊದಿಸಬೇಕು, ಒಳಗೆ ಬೆರಳುಗಳು ಮಾತಾಡಬೇಕು. ಸುತ್ತ ನಿಂತವರಿಗೆ ಇಬ್ಬರ ಮುಖ ಮಾತ್ರ ಕಾಣಬೇಕು. ಆ ಮುಖವೂ ಕೆಸರಿನಲ್ಲಿ ಮಲಗಿದ ಎಮ್ಮೆಯ ಮುಖದ ಹಾಗೆ ಏನನ್ನೂ ಹೇಳಬಾರದು. ಬೆರಳು ಹಿಡಿದರೆ ಒಂದು ಅರ್ಥ, ಗೆಣ್ಣು ಹಿಡಿದರೆ ಇನ್ನೊಂದು. ಅಂಗೈ ಸವರಿದರೆ ‘ಸಾಕು, ಮುಗಿಸು’. ಉಗುರು ಒತ್ತಿದರೆ ‘ಚೀಲದ ಒಳಗಿನ ಮಾಲು ಕೆಟ್ಟಿದೆ, ಹುಷಾರು’. ಸೌದಾ ಕೂಡಲಿ, ಮುರಿಯಲಿ, ಟವೆಲ್ ಕೆಳಗೆ ನಡೆದದ್ದನ್ನು ಹೊರಗೆ ಆಡಬಾರದು. ಕಟ್ಟಿಕೊಂಡ ಹೆಂಡತಿಗೂ ಹೇಳಬಾರದು. ಅದು ಪೇಟೆಯ ಧರ್ಮ.

ಧರಣೇಂದ್ರ ಸಮಡೋಳಿಯ ಸಣ್ಣ ಜೈನ ರೈತರ ಮನೆಯವನು. ನಾಲ್ಕನೆಯ ಇಯತ್ತೆಯಲ್ಲಿ ಮಾಸ್ತರರ ಛಡಿ ಕಸಿದು ಮುರಿದು ಎಸೆದ ದಿನವೇ ಅವನ ಶಾಲೆ ಮುಗಿಯಿತು. ಅಣ್ಣತಮ್ಮಂದಿರಲ್ಲಿ ಹೊಲ ಹರಿದು ಹಂಚಿಹೋದ ಮೇಲೆ ಸಾಂಗಲಿಗೆ ಬಂದು ಬಾಳಾಸಾಹೇಬರ ಅಡತಿ ಅಂಗಡಿ ಸೇರಿದ. ಸಿಟ್ಟು ಅವನಿಗೆ ಮೂಗಿನ ತುದಿಯಲ್ಲಲ್ಲ, ಟೊಪ್ಪಿಗೆಯ ಅಂಚಿನಲ್ಲೇ ಇರುತ್ತಿತ್ತು. ಹಮಾಲರ ಸಂಗಡ ಜಗಳ, ಚಹಾದವನ ಸಂಗಡ ಜಗಳ, ಬಸ್ಸಿನ ಕಂಡಕ್ಟರನ ಸಂಗಡ ಕೊರಳಪಟ್ಟಿಯ ಹಿಡಿದಾಟ. ಆದರೆ ಟವೆಲ್ ಕೆಳಗೆ ಕೈ ಹೋದದ್ದೇ ತಡ, ಮನುಷ್ಯನೇ ಬೇರೆ. ಉಸಿರು ಸಹ ಸದ್ದಿಲ್ಲದೆ ಬಿಡುತ್ತಿದ್ದ. ಎದುರಿನವನ ಬೆರಳು ಒಂದು ಕೂದಲಷ್ಟು ಅಳುಕಿದರೂ ಅವನಿಗೆ ತಿಳಿಯುತ್ತಿತ್ತು. ಊರ ಸುತ್ತ ಸಹಕಾರಿ ಸಕ್ಕರೆ ಕಾರಖಾನೆ, ಸಹಕಾರಿ ನೂಲಿನ ಗಿರಣಿ, ಸಹಕಾರಿ ಹಾಲಿನ ಸಂಘ ಎದ್ದು ನಿಂತು, ಭಾಷಣ ಬಲ್ಲವನೇ ಚೇರಮನ್ ಆಗುತ್ತಿದ್ದ ಕಾಲ ಅದು. ಅರಿಶಿಣದ ಧೂಳಿನ ಈ ಒಂದು ಮೂಲೆಯಲ್ಲಿ ಮಾತ್ರ ಬಾಯಿಲ್ಲದವನಿಗೇ ಬೆಲೆ.

ಅಂಥವನ ಹೊಟ್ಟೆಯಲ್ಲಿ ಮಂಗಲ ಹುಟ್ಟಿದಳು.

ಹೊತ್ತಿಗೆ ಸರಿಯಾಗಿ ನಡೆದಳು, ಹಲ್ಲು ಬಂದವು, ಮಾತು ಮಾತ್ರ ಬರಲಿಲ್ಲ. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಹಾಗಂತ ಕಿವುಡಿಯಲ್ಲ, ಅಡಿಗೆಮನೆಯಲ್ಲಿ ಬೆಲ್ಲದ ಕಾಗದ ಬಿಚ್ಚಿದ ಸದ್ದಿಗೆ ಪಡಸಾಲೆಯಿಂದ ಓಡಿಬರುತ್ತಿದ್ದಳು, ಕಾರಖಾನೆಯ ಭೋಂಗಾ ಕೂಗಿದರೆ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಅಂಟುತ್ತಿದ್ದಳು. ಕೊಡದ ಮುಚ್ಚಳವನ್ನು ನೆಲದ ಮೇಲೆ ತಿರುಗಿಸಿ, ಅದು ನಿಲ್ಲುವವರೆಗೆ ನೋಡಿ, ಮತ್ತೆ ತಿರುಗಿಸುವುದೇ ಅವಳ ಆಟ. ಧರಣೇಂದ್ರನ ಹೆಂಡತಿ ಜಿನಮತಿ ಮಗಳ ನಾಲಿಗೆಗೆ ದಿನಾ ಬಜೆ ತೇಯ್ದು ಹಚ್ಚಿದಳು. ಚಾತುರ್ಮಾಸಕ್ಕೆ ಬಂದ ಮುನಿಗಳ ಮುಂದೆ ಕೂಡಿಸಿ ಕೈಮುಗಿದಳು. ಬಂಧುಬಳಗದವರು ತಲೆಗೊಂದು ಮಾತು ಹೇಳಿದರು. ಹೇಳುವವರಿಗೇನು, ನಾಲಿಗೆಗೆ ಎಲುಬಿಲ್ಲ.

ಕಡೆಗೆ ಮಿರಜದ ಒಬ್ಬ ಮಕ್ಕಳ ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು: ಆಟಿಸಂ. ತನ್ನೊಳಗೆ ತಾನೇ ಇರುವ ಮಗು. ಯಾರ ತಪ್ಪೂ ಅಲ್ಲ ಎಂದೂ ಹೇಳಿದರು.

“ಔಷಧ ಬರಕೊಡ್ರಿ,” ಎಂದ ಧರಣೇಂದ್ರ.

“ಔಷಧ ಇಲ್ಲ. ಮಾತು ಕಲಿಸುವವರ ಹತ್ತಿರ ಅಭ್ಯಾಸ ಮಾಡಿಸಬೇಕು. ವರ್ಷಗಟ್ಟಲೆ.”

“ಔಷಧ ಇಲ್ಲದ ಬ್ಯಾನಿಗೆ ಫೀಸು ಯಾತರದ್ರಿ?”

ಜಿನಮತಿ ಅವನ ಅಂಗಿಯ ತುದಿ ಹಿಡಿದು ಹೊರಗೆ ಎಳೆದು ತಂದಳು. ಬಸ್‌ಸ್ಟ್ಯಾಂಡಿನವರೆಗೂ ಅವನು ಡಾಕ್ಟರಿಗೆ, ಡಾಕ್ಟರನ್ನು ಹೆತ್ತವರಿಗೆ ಬೈಯುತ್ತಲೇ ಬಂದ. ಬಸ್ಸಿನಲ್ಲಿ ಕೂತ ಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿ ಸಾಂಗಲಿ ಬರುವವರೆಗೆ ಈ ಕಡೆ ನೋಡಲಿಲ್ಲ.

ಮುಂದೆ ಕೆಲವು ದಿನಕ್ಕೆ ಒಂದು ಸೋಜಿಗ ನಡೆಯಿತು. ಮಂಗಲಳಿಗೆ ಏನಾದರೂ ಬೇಕಾದರೆ ಯಾರದಾದರೂ ಮಣಿಕಟ್ಟು ಹಿಡಿದು ಎಳೆದೊಯ್ದು, ಆ ಕೈಯನ್ನು ವಸ್ತುವಿನ ಮೇಲೆ ಇಡುವ ರೂಢಿಯಿತ್ತು. ಕೈ ಅನ್ನುವುದು ಮನುಷ್ಯನದಲ್ಲ, ಇಕ್ಕಳ ಎಂಬ ಹಾಗೆ. ಒಂದು ಸಂಜೆ ಧರಣೇಂದ್ರ ಪೇಟೆಯಿಂದ ಬಂದು ಕೂತಿದ್ದ. ಮಗಳು ಬಂದು ಅವನ ಕೈ ಹಿಡಿದಳು. ಹೆಗಲ ಟವೆಲ್ ಜಾರಿ ಇಬ್ಬರ ಕೈ ಮೇಲೆ ಬಿತ್ತು. ಅವನ ಕೈಗೆ ರೂಢಿ ಬೇರೆ ಎಲ್ಲಿ ಬರಬೇಕು? ತನಗೆ ತಿಳಿಯದೆಯೇ ಮಗಳ ತೋರುಬೆರಳು ಒತ್ತಿದ. ಒಳಗಿನಿಂದ ಮಗಳು ಅವನ ತೋರುಬೆರಳು ಒತ್ತಿದಳು. ಅವನು ಮತ್ತೆ ಒತ್ತಿದ. ಮತ್ತೆ ಉತ್ತರ ಬಂತು.

ಅಲ್ಲಿಂದ ಶುರು. ತೋರುಬೆರಳಿಗೆ ನೀರು, ಕಿರುಬೆರಳಿಗೆ ಬೆಲ್ಲ, ಗೆಣ್ಣಿಗೆ ರೊಟ್ಟಿ. ಅಂಗೈ ಸವರಿದರೆ ‘ಸಾಕು’. ಉಗುರು ಒತ್ತಿದರೆ ಒಳಗೆಲ್ಲೋ ಕೆಟ್ಟಿದೆ, ನೋಯುತ್ತದೆ. ತಿಂಗಳುಗಟ್ಟಲೆ ಕೂತು ಕಲಿಸಿದ. ಬೇರೆ ಯಾರಿಗೂ ಇಲ್ಲದ ತಾಳ್ಮೆ ಆ ಟವೆಲ್ ಕೆಳಗೆ ಅವನಿಗೆ ಬರುತ್ತಿತ್ತು. ಜಿನಮತಿ ನೀರಿನ ತಂಬಿಗೆ ಹಿಡಿದು ನಿಂತು ಕೇಳುತ್ತಿದ್ದಳು:

“ಏನಂತಾಳ್ರಿ?”

“ಸೌದಾದ ಮಾತು ಹೊರಗ ಹೇಳೂದಿಲ್ಲ.”

“ಅಯ್ಯ, ನಾ ಏನ್ ಎದುರಿನ ಅಂಗಡಿಯಾಕಿ ಏನ್ರಿ?”

ಮೊದಮೊದಲು ನಗುತ್ತ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಅವನು ಅದನ್ನು ಗಮನಿಸಲಿಲ್ಲ. ಇಡೀ ಜಗತ್ತಿನಲ್ಲಿ ತನ್ನೊಬ್ಬನ ಸಂಗಡ ಮಾತಾಡುವ ಮಗಳು. ಆ ಅಭಿಮಾನದಲ್ಲಿ ಅವನ ಕಣ್ಣಿಗೆ ಬೇರೆ ಏನು ಕಾಣಬೇಕು!

ಇತ್ತ ಜಿನಮತಿ ಮಗಳನ್ನು ಕಟ್ಟಿಕೊಂಡು ವಾರಕ್ಕೆರಡು ಸಲ ವಿಶ್ರಾಮಬಾಗ ಬಡಾವಣೆಗೆ ಹೋಗುತ್ತಿದ್ದಳು. ಅಲ್ಲಿ ಮುಂಬೈಯಲ್ಲಿ ಕಲಿತು ಬಂದ ಕುಂಭೋಜಕರ ಬಾಯಿ ಎಂಬ ಶಿಕ್ಷಕಿ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಾತು ಬಾರದ ಮಕ್ಕಳಿಗೆ ಮಾತು ಕಲಿಸುತ್ತಿದ್ದರು. ಕಲಿಸುವುದೆಂದರೆ ಬರೀ ಕಾಯುವುದು. ಕನ್ನಡಿಯ ಮುಂದೆ ಕೂಡಿಸುವುದು, ಸಾಬೂನಿನ ಗುಳ್ಳೆ ಊದುವುದು, ಬೆಲ್ಲದ ಚೂರನ್ನು ಮುಖದ ಹತ್ತಿರ ಹಿಡಿದು ‘ತಾ’ ಎನ್ನುವುದು, ಕಾಯುವುದು. ಮಂಗಲ ಬಾಯಿಯವರ ಮುಖವನ್ನೇ ನೋಡುತ್ತಿರಲಿಲ್ಲ. ಒಂದು ಮಳೆಗಾಲ ಹೋಯಿತು, ಇನ್ನೊಂದು ಬಂತು.

“ಮನಿಯಾಗ ಹೆಂಗ ಕೇಳ್ತಾಳವಾ?” ಎಂದು ಬಾಯಿ ಒಂದು ದಿನ ಕೇಳಿದರು. ಅವರ ಕನ್ನಡ ಅಜ್ಜಿಯ ಕಡೆಯಿಂದ ಬಂದದ್ದು.

“ನನ್ನ ಕೇಳೂದ ಇಲ್ರಿ. ಅವರಪ್ಪನ್ನ ಕೇಳ್ತಾಳ. ಟವೆಲ್ ಅರಿವಿ ಒಳಗ.”

ಬಾಯಿ ಅವನನ್ನು ಕರೆಸಿದರು. ಧರಣೇಂದ್ರ ಒಗೆದ ಧೋತರ ಉಟ್ಟು, ಮದುವೆಗೆ ಹೋಗುವವನ ಹಾಗೆ ಬಂದ. ಟವೆಲ್ ಹಾಸಿ, ಮಗಳ ಕೈ ಹಿಡಿದು, ನೀರು ಕೊಟ್ಟ, ಬೆಲ್ಲ ಕೊಟ್ಟ, ಸಾಕು ಎಂದಾಗ ನಿಲ್ಲಿಸಿದ. ಬಾಯಿ ಕಣ್ಣು ಮಿಟುಕಿಸದೆ ನೋಡಿದರು.

“ಭಾಳ ಛಲೋ ಕಲಿಸೀರಿ. ಇಷ್ಟು ನನ್ನ ಕೈಲೆ ಆಗಿದ್ದಿಲ್ಲ.”

ಧರಣೇಂದ್ರ ಮೀಸೆಯ ಮೇಲೆ ಕೈಯಾಡಿಸಿದ.

“ನಿಮ್ಮ ಬಿಟ್ಟು ಇದು ಯಾರಿಗೆ ಗೊತ್ತೈತಿ?”

“ಯಾರಿಗೂ ಇಲ್ರಿ.”

“ಜಿನಮತಿಗೆ?”

“ಇದು ಪೇಟಿ ವಿದ್ಯಾ. ಹೆಂಗಸರಿಗೆ ಹೇಳೂದಲ್ಲ.”

“ಹಂಗಾದ್ರ ಧರಣೇಂದ್ರ, ಇದು ಮಾತಲ್ಲ, ಗುಟ್ಟು. ನಾಳೆ ನೀವು ಮನಿಗೆ ಬರಲಿಲ್ಲಂದ್ರ ಈ ಕೂಸಿಗೆ ನೀರು ಯಾರು ಕೊಡ್ತಾರ?”

ಅಷ್ಟು ಸಾಕಾಯಿತು. ಅವನು ಟವೆಲ್ ಝಾಡಿಸಿ ಎದ್ದ. “ನಾ ಸಾಯೂದ ಕಾಯಾಕ್ಹತ್ತೀರೇನು? ಎರಡು ವರ್ಷ ಗುಳ್ಳಿ ಊದಿ ಒಂದು ಅಕ್ಷರ ಹೊರಡಿಸಾಕ ಆಗಲಿಲ್ಲ ನಿಮಗ. ನನ್ನ ಮಗಳು ಮಾತಾಡಿದ್ದು ಕಣ್ಣಿಗೆ ಚುಚ್ಚತೈತಿ!” ಮಗಳನ್ನು ಎತ್ತಿಕೊಂಡು ಹೊರಟೇಬಿಟ್ಟ. ಜಿನಮತಿ ಹಿಂದೆ ಬಾಯಿಯವರಿಗೆ ಕೈಮುಗಿದು ಓಡಿದಳು. ಅಂದಿನಿಂದ ವಿಶ್ರಾಮಬಾಗದ ದಾರಿ ಬಂದ್. ಜಿನಮತಿ ಎರಡು ಸಲ ಬೇಡಿಕೊಂಡಳು, ಬೈಸಿಕೊಂಡಳು, ಬಾಯಿ ಮುಚ್ಚಿದಳು. ಆ ಮನೆಯಲ್ಲಿ ಮಾತು ಬಿಟ್ಟವರು ಈಗ ಇಬ್ಬರಾದರು.

ಆ ಚಳಿಗಾಲ ಬಾಳಾಸಾಹೇಬರು ಸಾಲ ಕೊಡುವ ಸಹಕಾರಿ ಪತಸಂಸ್ಥೆಯ ಚುನಾವಣೆಗೆ ನಿಂತರು. ಸಮಡೋಳಿಯ ಕಡೆಯ ಜೈನರ ಮತ ಬೇಕು. ಧರಣೇಂದ್ರನನ್ನು ಜೀಪಿನಲ್ಲಿ ಹಾಕಿಕೊಂಡು ನಸುಕಿಗೇ ಹೊರಟರು. ಅವನು ಬಾಯಿ ತೆರೆಯಬಾರದು, ಬರೀ ಕೈಮುಗಿಯಬೇಕು ಎಂಬ ಷರತ್ತಿನ ಮೇಲೆ.

ಜೀಪು ಹೋದ ಸ್ವಲ್ಪ ಹೊತ್ತಿಗೆ ಮಂಗಲ ಎದ್ದಳು. ಅಪ್ಪನ ಹಾಸಿಗೆ ನೋಡಿದಳು, ಪಡಸಾಲೆ ನೋಡಿದಳು. ಗೂಟದ ಮೇಲಿದ್ದ ಹಳೆಯ ಟವೆಲ್ ಎಳೆದುಕೊಂಡು ತಾಯಿಯ ಹತ್ತಿರ ಬಂದಳು. ಆ ಮಗು ತಾನಾಗಿ ತಾಯಿಯ ಹತ್ತಿರ ಏನನ್ನೋ ಕೇಳಲು ಬಂದದ್ದು ಅದೇ ಮೊದಲು. ಜಿನಮತಿಯ ಕೈ ಮೇಲೆ ಟವೆಲ್ ಹಾಕಿ ಒಳಗೆ ಕೈ ತೂರಿಸಿದಳು. ಜಿನಮತಿ ಹಿಗ್ಗಿದಳು. ನೀರು ಕೊಟ್ಟಳು, ಮಗಳು ಚೆಲ್ಲಿದಳು. ಬೆಲ್ಲ ಕೊಟ್ಟಳು, ಮಗಳು ಎಸೆದಳು. ಮತ್ತೆ ಟವೆಲ್, ಮತ್ತೆ ಕೈ. ಈ ಸಲ ಉಗುರು ಚರ್ಮದೊಳಗೆ ಇಳಿಯಿತು. “ಚೂಟಬ್ಯಾಡ!” ಎಂದು ಜಿನಮತಿ ಕೈ ಎಳೆದುಕೊಂಡಳು. ಹುಡುಗಿ ಮತ್ತೆ ಬಂದಳು, ಇನ್ನೂ ಜೋರಾಗಿ ಒತ್ತಿದಳು. ಮಧ್ಯಾಹ್ನದ ಹೊತ್ತಿಗೆ ಮಂಗಲ ಗೋಡೆಗೆ ತಲೆ ಹೊಡೆದುಕೊಳ್ಳತೊಡಗಿದಳು. ಮಗ್ಗುಲ ಮನೆಯ ಹೌಸಾಬಾಯಿ ಸದ್ದು ಕೇಳಿ ಬಂದಳು. ಗಂಡ ಕುಪವಾಡದ ಕಾರಖಾನೆಗೆ ಹೋದ ಮೇಲೆ ಸಾಲುಮನೆಗಳ ಆ ಇಡೀ ಚಾಳಿನ ಕಷ್ಟಸುಖ ಅವಳದೇ. ಇಬ್ಬರೂ ಸೇರಿ ಹಿಡಿದರು. ಉಗುರು ಮತ್ತೆ ಊರಿದಾಗ ಜಿನಮತಿಗೆ ತಡೆಯಲಾಗಲಿಲ್ಲ. ಹೊಡೆದಳು. ಆ ಕೈ ಮೇಲೆಯೇ, ಫಟ್ಟನೆ.

ಜೈನರ ನೇಮ, ಹೊತ್ತು ಮುಳುಗುವ ಮುಂಚೆ ಊಟವಾಗಬೇಕು ಎಂದು ಧರಣೇಂದ್ರ ಬಿಸಿಲಿರುವಾಗಲೇ ಬಂದ. ಮಗಳು ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿದ್ದಳು. ಅವನು ಚಪ್ಪಲಿ ಸಹ ಬಿಡದೆ ಹೋಗಿ ಟವೆಲ್ ಹೊದಿಸಿ ಕೈ ಕೊಟ್ಟ. ಉಗುರು. ಹೊಟ್ಟೆ ಮುಟ್ಟಿದ, ಇಲ್ಲ. ಹಣೆ ಮುಟ್ಟಿದ, ಇಲ್ಲ. ಕಿವಿ ಮುಟ್ಟಿದ, ಉಗುರು ಗಟ್ಟಿಯಾಗಿ ಇಳಿಯಿತು. ಕಿವಿಯ ಬುಡ ಬೆಂಕಿಯಂತೆ ಸುಡುತ್ತಿತ್ತು, ಒಳಗೆ ಕೀವು.

“ಮುಂಜಾನಿಂದ ಕಿವಿ ನೋಯಾಕ್ಹತ್ತೈತಿ ಕೂಸಿಗೆ! ಕಣ್ಣು ಇಲ್ಲೇನು ನಿನಗ? ತಾಯಿ ಆಗಿ ಇಷ್ಟೂ ತಿಳಿಯೂದಿಲ್ಲ?”

ಜಿನಮತಿ ಎರಡೂ ಕೈ ಅವನ ಮುಂದೆ ಚಾಚಿದಳು. ಮಣಿಕಟ್ಟಿನಿಂದ ಬೆರಳಿನವರೆಗೆ ಉಗುರಿನ ಕೆಂಪು ಗೀರುಗಳು, ಕೆಲವು ರಕ್ತ ಒಸರಿ ಒಣಗಿದ್ದವು.

“ನೋಡ್ರಿ. ದಿನಾ ಪೂರ್ತಿ ನನಗ ಹೇಳ್ಯಾಳ. ಎಷ್ಟ್ ಸಲ ಹೇಳ್ಯಾಳ ನೋಡ್ರಿ. ನಾ ಚೂಟತಾಳಂತ ತಿಳಿದು ಹೊಡದೆ. ಹೇಳಾಕ ಬಂದ ಕೈಗೇ ಹೊಡದೆ.” ಆಮೇಲೆ ದನಿ ಇಳಿಸಿ ಅಂದಳು, “ನಿಮ್ಮ ಪೇಟಿ ಧರ್ಮ ಉಳೀತಲ್ರಿ?”

ಬಾಗಿಲಲ್ಲಿ ನಿಂತ ಹೌಸಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಧರಣೇಂದ್ರ ಆ ಕೈಗಳನ್ನು ನೋಡಿದ. ಸೌದಾದಲ್ಲಿ ಎದುರಿನವನ ಬೆರಳು ಓದಿದ ಹಾಗೆ ಒಂದೊಂದೇ ಗೀರನ್ನು ನೋಡಿದ. ಮಗಳನ್ನು ಎತ್ತಿಕೊಂಡು ಡಾಕ್ಟರ ಕಡೆ ನಡೆದ. ಅಂದು ಆ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಕಿವಿ ಮಾಯ್ದ ಮೇಲೆ ಒಂದು ಮುಂಜಾನೆ ಹೆಂಡತಿ, ಮಗಳನ್ನು ಕರೆದುಕೊಂಡು ವಿಶ್ರಾಮಬಾಗಕ್ಕೆ ಹೋದ. ಕುಂಭೋಜಕರ ಬಾಯಿ ಬಾಗಿಲು ತೆರೆದರು. ತಪ್ಪಾಯಿತು ಅನ್ನುವ ಮಾತು ಅವನ ಜನ್ಮದಲ್ಲಿ ಇರಲಿಲ್ಲ. ಟವೆಲ್ ತೆಗೆದು ಮಡಚಿ ಅವರ ಮೇಜಿನ ಮೇಲೆ ಇಟ್ಟ.

“ಹೇಳ್ರಿ, ಏನ್ ಮಾಡಬೇಕು? ಆಕಿ ಕೈ ಬಿಡಸಬೇಕೇನು?”

“ಬಿಡಸಬ್ಯಾಡ್ರಿ. ಕೈನೂ ಮಾತ. ಬರೀ ಅರಿವಿ ತಗೀರಿ. ಎಲ್ಲಾರೂ ನೋಡ್ಲಿ, ಎಲ್ಲಾರೂ ಕಲೀಲಿ. ಆಕಿ ಒತ್ತಿದಾಗೊಮ್ಮೆ ನಾವು ‘ತಾ’ ಅನ್ನೂಣು. ಆಕಿ ಅಂದ್ರೂ ಕೊಡೂಣು, ಅನ್ನದಿದ್ರೂ ಕೊಡೂಣು. ಆದ್ರ ಕೊಡೂಕಿಂತ ಮೊದಲ ಒಂದು ಚೂರು ತಡೀಬೇಕು.”

ಹಾಗೆ ಅವನು ಪೇಟೆಯ ವಿದ್ಯೆಯನ್ನು ಇಬ್ಬರು ಹೆಂಗಸರ ಮುಂದೆ ಬಿಚ್ಚಿಟ್ಟ. ಜಿನಮತಿಯ ಕೈ ಹಿಡಿದು ಬೆರಳು ಬೆರಳಾಗಿ ಹೇಳಿಕೊಟ್ಟ. ಆಮೇಲೆ ಹೌಸಾಬಾಯಿಗೂ ಹೇಳಿಕೊಟ್ಟ. ಸುದ್ದಿ ಪೇಟೆಗೆ ಮುಟ್ಟಲು ಹೊತ್ತಾಗಲಿಲ್ಲ.

“ಏನೋ ಧರಣ್ಯಾ, ಚಾಳಿನ ಹೆಣಮಕ್ಕಳಿಗೆ ಸೌದಾ ಕಲಸಾಕ್ಹತ್ತೀಯಂತಲ್ಲೋ? ನಾಳೆ ಹೌಸಾಬಾಯಿನ್ನ ಅಡತಿಗೆ ಕೂಡಸ್ತಿ ಏನು?” ಎಂದ ತೂಕದ ಜ್ಯೋತೆಪ್ಪ.

“ಕೂಡಸ್ತೇನಿ. ನಿನ್ನ ತಕ್ಕಡಿ ಮೊದಲ ಆಕಿ ಕೈಲೆ ತಪಾಸ ಮಾಡಸ್ತೇನಿ, ಹೆದರಬ್ಯಾಡ.”

ನಕ್ಕವರು ನಕ್ಕರು. ಕೆಲವು ವ್ಯಾಪಾರಸ್ಥರು ಮುನಿದರು, ಅವನ ಸಂಗಡ ಕೈ ಹಿಡಿಯುವುದನ್ನೇ ಬಿಟ್ಟರು. ಬಾಳಾಸಾಹೇಬರು ಒಂದು ದಿನ ಕರೆದು ‘ವ್ಯವಹಾರ ಬೇರೆ, ಮನಿ ಬೇರೆ’ ಎಂದರು. ಧರಣೇಂದ್ರ ಟೊಪ್ಪಿಗೆ ಸರಿಮಾಡಿಕೊಂಡು, “ಬ್ಯಾರೆ ಇದ್ದದ್ದಕ್ಕ ನನ್ನ ಮಗಳು ಒಂದು ದಿನ ನರಕಾ ನೋಡ್ಯಾಳ್ರಿ,” ಎಂದು ಹೊರಗೆ ಬಂದ. ಆಮೇಲೆ ಅವನಿಗೆ ಸೌದಾಕ್ಕಿಂತ ಗೋದಾಮಿನ ಕೆಲಸವೇ ಹೆಚ್ಚು ಬಿತ್ತು.

ಕಠಿಣವಾದದ್ದು ಅದಲ್ಲ. ಕಠಿಣವಾದದ್ದು ಕುಂಭೋಜಕರ ಬಾಯಿ ಹೇಳಿದ ಆ ಒಂದು ಚೂರು ತಡೆಯುವುದು. ಮಗಳ ಬೆರಳು ಮುಟ್ಟಿದ ಕೂಡಲೇ ಅವನ ಇನ್ನೊಂದು ಕೈ ತಂಬಿಗೆಗೆ ಹೋಗಿರುತ್ತಿತ್ತು. ತಡೆದರೆ ಸಿಟ್ಟು ಬರುತ್ತಿತ್ತು: ಮಗಳ ಮೇಲೆ, ತಂಬಿಗೆಯ ಮೇಲೆ, ‘ತಾ’ ಎಂಬ ಅಕ್ಷರದ ಮೇಲೆ. “ಅನ್ನು! ತಾ ಅನ್ನು!” ಎಂದು ಒದರಿದರೆ ಹುಡುಗಿ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಸೇರುತ್ತಿದ್ದಳು. ಬಾಯಿ ಅವನನ್ನು ಎಷ್ಟೋ ಸಲ ಕೋಣೆಯಿಂದ ಹೊರಗೆ ಹಾಕಿದರು.

“ಹೊರಗ ಕುಂದ್ರಿ. ಕಾರಖಾನಿ ಭೋಂಗಾ ಒಂದು ಸಾಕು ಈ ಊರಿಗೆ.”

ಅವನು ಹೊರಗಿನ ಮೆಟ್ಟಿಲ ಮೇಲೆ ಕೂತು ತನ್ನ ಮೊಣಕಾಲನ್ನು ತಾನೇ ಗುದ್ದಿಕೊಳ್ಳುತ್ತಿದ್ದ. ವರ್ಷಗಳು ಹಾಗೆಯೇ ಹೋದವು. ಬೇರೆ ಮಕ್ಕಳು ಬಂದರು, ಕೆಲವರು ಮಾತು ಕಲಿತು ಶಾಲೆಗೆ ಹೋದರು, ಕೆಲವರು ಬರುವುದನ್ನೇ ಬಿಟ್ಟರು. ಮಂಗಲ ದೊಡ್ಡವಳಾದಳು, ಲಂಗ ಹೋಗಿ ಪಂಜಾಬಿ ಡ್ರೆಸ್ ಬಂತು, ಜಡೆ ಸೊಂಟ ಮುಟ್ಟಿತು. ಗಂಟಲಿನಿಂದ ಒಂದು ಸದ್ದು ಹೊರಡುತ್ತಿತ್ತು, ಅದು ‘ತಾ’ ಅಲ್ಲ, ಏನೂ ಅಲ್ಲ. ತಿಂಗಳುಗಟ್ಟಲೆ ಅದೂ ನಿಂತುಬಿಡುತ್ತಿತ್ತು. ಆದರೆ ಕೈ ಮಾತ್ರ ಬಯಲಿಗೆ ಬಂದಿತ್ತು. ಜಿನಮತಿಯ ಬೆರಳು ಒತ್ತುತ್ತಿದ್ದಳು, ಬಾಯಿಯವರ ಬೆರಳು ಒತ್ತುತ್ತಿದ್ದಳು. ತಾಯಿ ಮಗಳು ಕೈ ಕೈ ಹಿಡಿದು ಒಲೆಯ ಮುಂದೆ ಕೂತದ್ದನ್ನು ಕಂಡರೆ ಧರಣೇಂದ್ರ ಏನೋ ಕೆಲಸ ನೆನಪಾದವನ ಹಾಗೆ ಎದ್ದು ಹೊರಗೆ ಹೋಗುತ್ತಿದ್ದ.

ಒಂದು ಬೇಸಿಗೆ ಗೋದಾಮಿನಲ್ಲಿ ಚೀಲ ಸರಿಸುವಾಗ ಅವನಿಗೆ ಅಂಡವಾಯು ಇಳಿಯಿತು. ಮಿರಜದಲ್ಲಿ ಆಪರೇಷನ್ ಆಯಿತು. ಆಸ್ಪತ್ರೆಯ ಮಂಚದ ಮೇಲೆ ಅವನಿಗೆ ಹೊಲಿಗೆಯ ನೋವಿಗಿಂತ ಒಂದೇ ಚಿಂತೆ: ಮನೆಯಲ್ಲಿ ಹೆಂಗೋ ಏನೋ. ನರ್ಸಿಗೆ ಬೈದ, ಡಾಕ್ಟರಿಗೆ ಬೈದ, ಬಿಡುಗಡೆ ಮಾಡಿಸಿಕೊಂಡು ಟಾಂಗಾ ಹಿಡಿದು ಬಂದ.

ಜಿನಮತಿ ಪಡಸಾಲೆಯಲ್ಲಿ ಹಾಸಿಗೆ ಹಾಸಿ ಮಲಗಿಸಿದಳು. ಮಂಗಲ ಹಿತ್ತಲಲ್ಲಿ ಮುಚ್ಚಳ ತಿರುಗಿಸುತ್ತಿದ್ದಳು. ಇತ್ತ ನೋಡಲಿಲ್ಲ.

“ಹೆಂಗಿದ್ಲು?”

“ಛಲೋ ಇದ್ಲು. ಉಂಡ್ಲು, ಮಲಗಿದ್ಲು. ಎರಡು ದಿನ ಹೌಸಾಬಾಯಿ ಕಡೆ ಬಿಟ್ಟು ನಿಮ್ಮ ಕಡೆ ಬಂದಿದ್ದೆನಲ್ರಿ. ಏನೂ ತ್ರಾಸ ಕೊಟ್ಟಿಲ್ಲಂತ. ಮಜ್ಜಿಗಿ ಬೇಡಿ ಕುಡದಾಳಂತ.”

“ಬೇಡಿ ಅಂದ್ರ? ಕೈಲೆ?”

ಜಿನಮತಿ ಹೊದಿಕೆ ಸರಿಮಾಡಿದಳು. “ಬಾಯಿಲೆ. ‘ತಾ’ ಅಂದಾಳಂತ.”

ಧರಣೇಂದ್ರ ಏಳಲು ಹೋಗಿ ಹೊಟ್ಟೆ ಹಿಡಿದು ಬಿದ್ದ. “ಯಾವಾಗ? ದವಾಖಾನಿಗೆ ಒಂದು ಮಾತು ಹೇಳಿ ಕಳಸಾಕ ಆಗಲಿಲ್ಲೇನು ನಿಮಗ? ನಾ ಏನ್ ಈ ಮನ್ಯಾಂವ ಅಲ್ಲೇನು?”

“ಹೇಳಿದ್ರ ನೀವು ಹೊಲಿಗಿ ಹರಕೊಂಡು ಓಡಿ ಬರ್ತಿದ್ರಿ. ಸುಮ್ಮ ಬೀಳ್ರಿ.”

ಅವನು ಬಿದ್ದುಕೊಂಡ. ಹಿತ್ತಲ ಕಡೆ ತಲೆ ಹೊರಳಿಸಿ ಕೇಳಿದ, “ನನ್ನ ಹುಡಕಿದ್ಲೇನು?”

ಜಿನಮತಿಗೆ ಸುಳ್ಳು ಹೇಳಿ ಗೊತ್ತಿಲ್ಲ. “ಇಲ್ರಿ,” ಎಂದಳು.

“ಹುಂ.” ಮಾಳಿಗೆಯ ಕಡೆ ನೋಡುತ್ತ ಇನ್ನೊಂದು ಸಲ “ಹುಂ” ಎಂದ. “ಹಂಗ ಆಗಬೇಕಿತ್ತು ಬಿಡು.”

ಮಧ್ಯಾಹ್ನ ಜಿನಮತಿ ನಳದ ನೀರಿಗೆ ಹೋದಾಗ ಹಿತ್ತಲಲ್ಲಿ ಮುಚ್ಚಳದ ಸದ್ದು ನಿಂತಿತು. ಮಂಗಲ ಎದ್ದು ಪಡಸಾಲೆಯ ಮೂಲಕ, ಅವನ ಹಾಸಿಗೆಯ ಮಗ್ಗುಲಿನಿಂದಲೇ ನಡೆದು ಹೊರಗೆ ಹೋದಳು. ಹೊದಿಕೆಯಿಂದ ಹೊರಗೆ ಚಾಚಿದ ಅವನ ಕೈ ಹಾಗೆಯೇ ಇತ್ತು. ಅವಳು ಅದನ್ನು ದಾಟಿ ಹೋದಳು. ಮಗ್ಗುಲ ಮನೆಯ ಹೊಸ್ತಿಲಲ್ಲಿ ಅವಳ ಕಾಲ್ಗೆಜ್ಜೆ ನಿಂತದ್ದು ಗೋಡೆಯ ಆಚೆಯಿಂದ ಕೇಳಿಸಿತು.

ಬಹಳ ಹೊತ್ತು ಏನೂ ಇಲ್ಲ. ಹೌಸಾಬಾಯಿಯೂ ತಡೆಯುತ್ತಿದ್ದಳು ಎಂದು ಅವನಿಗೆ ತಿಳಿಯಿತು. ಆಮೇಲೆ ಬಂತು, ಒಡೆದ, ಒರಟಾದ, ಗಂಟಲಿನ ಅಡಿಯಿಂದ ಎಳೆದು ತೆಗೆದ ಒಂದು ದನಿ.

“ತಾ.”

“ತಂದೆ ತಡಿಯವ್ವಾ, ತಂದೆ,” ಎಂದಳು ಹೌಸಾಬಾಯಿ. ಕಡಗೋಲು ಸರಿಸಿದ ಸದ್ದಾಯಿತು, ಲೋಟಕ್ಕೆ ಮಜ್ಜಿಗೆ ಸುರಿದ ಸದ್ದಾಯಿತು.

ಧರಣೇಂದ್ರ ಹೊಲಿಗೆಯ ಮೇಲೆ ಅಂಗೈ ಒತ್ತಿ ಹಿಡಿದುಕೊಂಡು ಅಲುಗದೆ ಮಲಗಿದ್ದ, ಅವಳು ಕುಡಿದು ಮುಗಿಸುವವರೆಗೆ.